ರೋಸಿನ ಎಣ್ಣೆ, ಬಾಣಂತನದ ಎಣ್ಣೆ: ಚರ್ಮಕ್ಕೆ ತೆಂಗಿನೆಣ್ಣೆ ಎಷ್ಟು ಹಿತ?

ಕರಾವಳಿಯ ಕಥೋಲಿಕ ಕ್ರೈಸ್ತರ ಮದುವೆಗೆ ರೋಸ್ ಇಲ್ಲದಿದ್ದರೆ ಕಳೆಯೇ ಇಲ್ಲ. ಮದುವೆಯ ಮುನ್ನಾದಿನ ಮದುಮಕ್ಕಳನ್ನು ಅವರವರ ಮನೆಯಲ್ಲಿ ಕೂರಿಸಿ, ಹೆತ್ತವರು, ಬಂಧುಗಳು, ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ತಲೆಗೆ ತೆಂಗಿನೆಣ್ಣೆ ಹಚ್ಚುತ್ತಾರೆ, ಕಾಯಿಹಾಲು ಸವರುತ್ತಾರೆ. ಕೊಂಕಣಿಯಲ್ಲಿ ರೋಸ್ ಎಂದರೆ ಕಾಯಿಹಾಲೇ. ಹಾಡು, ಗುಮಟದ ಸದ್ದು, ನಗೆ, ಕಣ್ಣೀರು ಎಲ್ಲವೂ ಆ ಎಣ್ಣೆಯ ವಾಸನೆಯೊಡನೆ ಬೆರೆತುಹೋಗಿರುತ್ತದೆ. ಆ ಮದುಮಗಳು ಮುಂದೆ ಬಾಣಂತಿಯಾದಾಗ ಅದೇ ಎಣ್ಣೆ ಮತ್ತೆ ಬರುತ್ತದೆ, ತಾಯಿಯ ಮೈಗೂ ಮಗುವಿನ ಮೈಗೂ. ಮುಪ್ಪಿನಲ್ಲಿ ಹಾಸಿಗೆ ಹಿಡಿದ ಅಜ್ಜನ ಒಣಗಿದ ಕಾಲಿಗೆ ಮೊಮ್ಮಗಳು ತಿಕ್ಕುವುದೂ ಅದನ್ನೇ.

ಇಷ್ಟು ಹತ್ತಿರದ ವಸ್ತುವಿನ ಬಗ್ಗೆ ಪ್ರಶ್ನೆ ಕೇಳಲು ನಮಗೆ ತೋಚುವುದಿಲ್ಲ. ಆದರೆ ಈಗ ಎರಡು ಬಗೆಯ ಮಾತು ಕೇಳಿಬರುತ್ತಿದೆ. ತೆಂಗಿನೆಣ್ಣೆಯೊಂದಿದ್ದರೆ ಇಸುಬು, ಮೊಡವೆ, ಸುಟ್ಟಗಾಯ, ಬಿಸಿಲಿನ ಕಪ್ಪು ಎಲ್ಲವೂ ಗುಣವಾಗುತ್ತದೆ ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳು ಹೇಳುತ್ತವೆ. ಇನ್ನೊಂದೆಡೆ ಮಗುವಿಗೆ ಎಣ್ಣೆ ಹಚ್ಚಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿಸಿಕೊಂಡು ಬಂದ ಸೊಸೆ, ಹಚ್ಚಲೇಬೇಕೆನ್ನುವ ಅತ್ತೆಯ ನಡುವೆ ಸಿಕ್ಕಿಬೀಳುತ್ತಾಳೆ. ಇವರಲ್ಲಿ ಯಾರು ಸರಿ? ಇಬ್ಬರೂ ಸ್ವಲ್ಪ ಸ್ವಲ್ಪ ಸರಿ ಎಂಬುದೇ ನಿಜ. ಎಣ್ಣೆ ಒಳ್ಳೆಯದೇ. ಆದರೆ ವಿಜ್ಞಾನ ಪರೀಕ್ಷಿಸಿದ ರೀತಿಯೂ ನಾವು ಮನೆಯಲ್ಲಿ ಬಳಸುವ ರೀತಿಯೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಿಂದಿನಿಂದ ಬಂದದ್ದು

ಮೈಗೆ ಎಣ್ಣೆ ಹಚ್ಚುವುದು ಈ ನಾಡಿನಲ್ಲಿ ಒಂದು ಧರ್ಮದವರ ಸ್ವತ್ತಲ್ಲ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಯನ್ನು ತಿಳಿಸುವ ಅಧ್ಯಾಯ ನಿತ್ಯವೂ ಅಭ್ಯಂಗ ಮಾಡಬೇಕೆನ್ನುತ್ತದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕು ಎನ್ನುತ್ತದೆ. ಆದರೆ ಅದೇ ಗ್ರಂಥ ಕಫ ಹೆಚ್ಚಿದವರು, ಅಜೀರ್ಣವಾದವರು ಅಭ್ಯಂಗ ಮಾಡಬಾರದು ಎಂದೂ ಎಚ್ಚರಿಸುತ್ತದೆ. ಅಂದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಎಂದು ಹಳಬರೂ ಹೇಳಿರಲಿಲ್ಲ! ಆಯುರ್ವೇದದಲ್ಲಿ ಮೊದಲ ಸ್ಥಾನ ಎಳ್ಳೆಣ್ಣೆಗೆ. ತೆಂಗಿನೆಣ್ಣೆಯನ್ನು ತಂಪು ಎಂದೂ ಕೂದಲಿಗೆ ಹಿತವೆಂದೂ ಎಣಿಸಲಾಗಿದೆ. ತೆಂಗು ಬೆಳೆಯುವ ನಮ್ಮ ಕರಾವಳಿಯಲ್ಲಿ ಮತ್ತು ಕೇರಳದಲ್ಲಿ ಸಹಜವಾಗಿಯೇ ಅದು ಮೊದಲ ಸ್ಥಾನಕ್ಕೆ ಬಂತು. ಉತ್ತರದಲ್ಲಿ ಸಾಸಿವೆ ಎಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆ, ಇಲ್ಲಿ ತೆಂಗಿನೆಣ್ಣೆ. ಮನೆಯ ಹಿತ್ತಲಲ್ಲಿ ಏನು ಸಿಗುತ್ತದೋ ಅದೇ ಔಷಧ.

ಪವಿತ್ರ ಧರ್ಮಸಭೆಯ ಬಳಕೆಯಲ್ಲಿಯೂ ಇಂಥದೇ ಒಂದು ಸಂಗತಿ ಇದೆ. ರೋಗಿಗಳಿಗೆ ನೀಡುವ ಅಭ್ಯಂಗ ಸಂಸ್ಕಾರಕ್ಕೆ ಶತಮಾನಗಳ ಕಾಲ ಆಲಿವ್ ಎಣ್ಣೆಯೇ ಬೇಕಾಗಿತ್ತು. ಆಲಿವ್ ಬೆಳೆಯದ ನಾಡುಗಳ ಧರ್ಮಾಧ್ಯಕ್ಷರು ಕೇಳಿಕೊಂಡ ಮೇಲೆ, 1972ರ ನವೆಂಬರ್ 30ರಂದು ಪೋಪ್ ಆರನೇ ಪೌಲರು ಹೊರಡಿಸಿದ ಪ್ರೇಷಿತ ಸಂವಿಧಾನವು, ಸಸ್ಯದಿಂದ ತೆಗೆದ ಬೇರೆ ಎಣ್ಣೆಯನ್ನೂ ಅಗತ್ಯಕ್ಕೆ ತಕ್ಕಂತೆ ಬಳಸಬಹುದೆಂದು ಅನುಮತಿಸಿತು. ಅಲ್ಲಿಂದ ಮುಂದೆ ತೆಂಗಿನೆಣ್ಣೆಗೂ ಆ ಬಾಗಿಲು ತೆರೆಯಿತು. ಸಂಸ್ಕಾರದ ಕೃಪೆ ಬೇರೆ, ಎಣ್ಣೆಯ ರಾಸಾಯನಿಕ ಗುಣ ಬೇರೆ, ಎರಡನ್ನೂ ಬೆರೆಸಬೇಕಾಗಿಲ್ಲ. ಆದರೂ ಚರ್ಮದ ವಿಷಯಕ್ಕೆ ಬಂದಾಗ ಆಲಿವ್ ಎಣ್ಣೆಗಿಂತ ತೆಂಗಿನೆಣ್ಣೆ ಒಂದು ಕೈ ಮೇಲು ಎಂಬುದು ಮುಂದೆ ಗೊತ್ತಾಗುತ್ತದೆ.

ಚರ್ಮವೆಂಬ ಗೋಡೆ

ನಮ್ಮ ಚರ್ಮದ ಅತಿ ಹೊರಗಿನ ಪದರವನ್ನು ಕೆಂಪುಕಲ್ಲಿನ ಗೋಡೆಗೆ ಹೋಲಿಸಬಹುದು. ಸತ್ತ ಚಪ್ಪಟೆ ಜೀವಕೋಶಗಳೇ ಕಲ್ಲುಗಳು. ಅವುಗಳ ಸಂದಿನಲ್ಲಿ ಸೆರಮೈಡ್, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು ಗಾರೆಯಂತೆ ತುಂಬಿಕೊಂಡಿವೆ. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಹೊರಗಿನ ಕ್ರಿಮಿ ಒಳಗೆ ಬರುವುದಿಲ್ಲ. ಸೋಪು, ಹಂಡೆಯ ಸುಡುನೀರು, ಒಣಗಾಳಿ, ವಯಸ್ಸು ಇವೆಲ್ಲ ಆ ಗಾರೆಯನ್ನು ತೊಳೆದುಹಾಕುತ್ತವೆ. ಆಗ ಚರ್ಮ ಬಿಳಿಚಿ, ಬಿರಿದು, ತುರಿಸತೊಡಗುತ್ತದೆ. ಇಸುಬು ಇರುವ ಮಕ್ಕಳಲ್ಲಂತೂ ಆ ಗೋಡೆ ಹುಟ್ಟಿನಿಂದಲೇ ಸಡಿಲ.

ಎಣ್ಣೆ ಹಚ್ಚಿದಾಗ ಎರಡು ಕೆಲಸ ಆಗುತ್ತದೆ. ಮೇಲೆ ತೆಳುವಾದ ಪೊರೆ ಕಟ್ಟಿ ನೀರು ಆರದಂತೆ ತಡೆಯುವುದು ಒಂದು. ಸಂದುಗಳನ್ನು ತುಂಬಿ ಮೇಲ್ಮೈಯನ್ನು ನುಣುಪಾಗಿಸುವುದು ಇನ್ನೊಂದು. ಇಲ್ಲಿ ಗಮನಿಸಬೇಕಾದ್ದು: ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರನ್ನು ಉಳಿಸುತ್ತದೆ, ಅಷ್ಟೆ. ಆದ್ದರಿಂದ ಮೈ ಸ್ವಲ್ಪ ಒದ್ದೆಯಿರುವಾಗ ಹಚ್ಚಿದರೆ ಲಾಭ ಹೆಚ್ಚು.

ಎಲ್ಲ ಎಣ್ಣೆಗಳೂ ಒಂದೇ ಅಲ್ಲ. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲ ಬಹಳ. ಇದು ಚರ್ಮದ ಗಾರೆಯನ್ನು ಸಡಿಲಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 19 ಮಂದಿ ವಯಸ್ಕರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಎರಡು ಬಾರಿ ಕೆಲವೇ ಹನಿ ಆಲಿವ್ ಎಣ್ಣೆಯನ್ನು ಮುಂಗೈಗೆ ಹಚ್ಚಿದಾಗ ನಾಲ್ಕೈದು ವಾರಗಳಲ್ಲಿ ಚರ್ಮದ ಪದರ ದುರ್ಬಲವಾಯಿತು, ಸ್ವಲ್ಪ ಕೆಂಪೂ ಆಯಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ವಿದೇಶದ ಬಾಟಲಿ ಎಂಬ ಒಂದೇ ಕಾರಣಕ್ಕೆ ಮಗುವಿಗೆ ದುಬಾರಿ ಆಲಿವ್ ಎಣ್ಣೆ ತಂದು ಹಚ್ಚುವವರು ಇದನ್ನು ತಿಳಿದಿರಬೇಕು.

ತೆಂಗಿನೆಣ್ಣೆಯಲ್ಲಿ ಓಲಿಕ್ ಆಮ್ಲ ಶೇ. 5ರಿಂದ 10ರಷ್ಟು ಮಾತ್ರ. ಅದರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಒಟ್ಟು ಕೊಬ್ಬಿನಲ್ಲಿ ಶೇ. 90ರಷ್ಟು ಪರ್ಯಾಪ್ತ ಕೊಬ್ಬು. ಹಾಗಾಗಿಯೇ ಅದು ಬೇಗ ಕಮಟುವುದಿಲ್ಲ, ಸುಮಾರು 24-25 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ವರ್ಷವಿಡೀ ನೀರಾಗಿರುವ ಎಣ್ಣೆ ಕ್ರಿಸ್ಮಸ್ ರಜೆಗೆ ಬೆಂಗಳೂರಿಗೆ ಹೋದ ಕೂಡಲೇ ಗಟ್ಟಿಯಾಗುವುದು ಇದರಿಂದಲೇ. ಹಾಳಾಯಿತೆಂದು ಚೆಲ್ಲಬೇಕಾಗಿಲ್ಲ!

ಲಾರಿಕ್ ಆಮ್ಲಕ್ಕೆ ಕೆಲವು ಬ್ಯಾಕ್ಟೀರಿಯಗಳನ್ನು ಕೊಲ್ಲುವ ಶಕ್ತಿಯಿದೆ ಎಂಬುದು ಪ್ರಯೋಗಾಲಯದಲ್ಲಿ ಸಿದ್ಧವಾದ ಸಂಗತಿ. ಆದರೆ ಎಣ್ಣೆಯಲ್ಲಿ ಅದು ಬಿಡಿಯಾಗಿಲ್ಲ, ಗ್ಲಿಸರಾಲಿಗೆ ಕಟ್ಟಿಕೊಂಡಿದೆ. ಚರ್ಮದ ಮೇಲಿನ ಜೀವಾಣುಗಳ ಕಿಣ್ವಗಳು ಅದರಲ್ಲಿ ಸ್ವಲ್ಪವನ್ನು ಬಿಡಿಸುತ್ತವೆ. ಆದ್ದರಿಂದ ಲಾರಿಕ್ ಆಮ್ಲ ಗಾಜಿನ ತಟ್ಟೆಯಲ್ಲಿ ಕ್ರಿಮಿ ಕೊಂದಿತು ಎಂಬುದರಿಂದ ತೆಂಗಿನೆಣ್ಣೆ ಮೈಮೇಲೆ ಕ್ರಿಮಿ ಕೊಲ್ಲುತ್ತದೆ ಎಂದು ನೇರವಾಗಿ ಹೇಳಲಾಗದು. ಮೊಬೈಲ್ ಸಂದೇಶಗಳು ಜಾರುವುದು ಇಲ್ಲಿಯೇ.

ಫಿಲಿಪ್ಪೀನ್ಸಿನಿಂದ ಬಂದ ಸಾಕ್ಷಿ

ತೆಂಗಿನೆಣ್ಣೆಯ ಬಗ್ಗೆ ಮನುಷ್ಯರ ಮೇಲೆ ನಡೆದ ಉತ್ತಮ ಪರೀಕ್ಷೆಗಳು ಹೆಚ್ಚಾಗಿ ಫಿಲಿಪ್ಪೀನ್ಸಿನವು. ನಮ್ಮಂತೆಯೇ ತೆಂಗಿನ ತೋಟಗಳ ಕರಾವಳಿ, ನಮಗಿಂತ ಎಷ್ಟೋ ಪಾಲು ಹೆಚ್ಚು ಕಥೋಲಿಕರು ಇರುವ ದೇಶ. ಅಲ್ಲಿನ ಚರ್ಮವೈದ್ಯರು ಮೂರು ಮುಖ್ಯ ಪ್ರಶ್ನೆಗಳನ್ನು ಕೇಳಿದರು.

ಮೊದಲನೆಯದು, ಬರಿಯ ಒಣಚರ್ಮಕ್ಕೆ ಪ್ರಯೋಜನವಿದೆಯೇ? 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 34 ಮಂದಿ ಎರಡು ವಾರ ದಿನಕ್ಕೆರಡು ಬಾರಿ ಕಾಲಿಗೆ ವರ್ಜಿನ್ ತೆಂಗಿನೆಣ್ಣೆ ಅಥವಾ ಖನಿಜ ತೈಲ ಹಚ್ಚಿಕೊಂಡರು. ಅಂಗಡಿಯಲ್ಲಿ ಬೇಬಿ ಆಯಿಲ್ ಎಂದು ಸಿಗುವುದು ಹೆಚ್ಚಾಗಿ ಈ ಖನಿಜ ತೈಲವೇ. ಎರಡೂ ಗುಂಪಿನವರ ಚರ್ಮ ಸುಧಾರಿಸಿತು, ಎರಡರ ನಡುವೆ ಹೇಳುವಂಥ ವ್ಯತ್ಯಾಸ ಇರಲಿಲ್ಲ.

ಎರಡನೆಯದು ಕ್ರಿಮಿಗಳ ಬಗ್ಗೆ. ಇಸುಬು ಇರುವವರ ಚರ್ಮದಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ಮನೆ ಮಾಡಿಕೊಂಡು ರೋಗವನ್ನು ಉಲ್ಬಣಿಸುತ್ತದೆ. 2008ರ ಅಧ್ಯಯನದಲ್ಲಿ 52 ಮಂದಿ ವಯಸ್ಕ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವರ್ಜಿನ್ ತೆಂಗಿನೆಣ್ಣೆ, ಇನ್ನೊಂದಕ್ಕೆ ವರ್ಜಿನ್ ಆಲಿವ್ ಎಣ್ಣೆ ಕೊಟ್ಟರು. ತೆಂಗಿನೆಣ್ಣೆಯ ಗುಂಪಿನಲ್ಲಿ ಮೊದಲು 20 ಮಂದಿಯಲ್ಲಿ ಆ ಬ್ಯಾಕ್ಟೀರಿಯ ಇತ್ತು, ನಾಲ್ಕು ವಾರಗಳ ಬಳಿಕ ಒಬ್ಬರಲ್ಲಿ ಮಾತ್ರ ಉಳಿಯಿತು. ಆಲಿವ್ ಗುಂಪಿನಲ್ಲಿ 12 ಮಂದಿಯಲ್ಲಿದ್ದುದು 6 ಮಂದಿಯಲ್ಲಿ ಉಳಿಯಿತು.

ಮೂರನೆಯದು ಮಕ್ಕಳ ಬಗ್ಗೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. 2014ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಸಾಧಾರಣ ಮಟ್ಟದ ಇಸುಬು ಇದ್ದ 117 ಮಕ್ಕಳಿದ್ದರು. ಎಂಟು ವಾರಗಳ ಕಾಲ ಕೆಲವರಿಗೆ ತೆಂಗಿನೆಣ್ಣೆ, ಕೆಲವರಿಗೆ ಖನಿಜ ತೈಲ. ರೋಗದ ತೀವ್ರತೆಯ ಅಂಕ ತೆಂಗಿನೆಣ್ಣೆಯ ಗುಂಪಿನಲ್ಲಿ ಶೇ. 68ರಷ್ಟು ಇಳಿಯಿತು, ಖನಿಜ ತೈಲದ ಗುಂಪಿನಲ್ಲಿ ಶೇ. 38ರಷ್ಟು. ಚರ್ಮದಿಂದ ನೀರು ಆರಿಹೋಗುವುದೂ ಕಡಿಮೆಯಾಯಿತು.

ಇವು ಸಂತೋಷದ ಫಲಿತಾಂಶಗಳು. ಆದರೆ ಅವಸರಪಡಬಾರದು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಕಡಿಮೆ, ಅವಧಿ ಕೆಲವೇ ವಾರ, ಎಲ್ಲವೂ ಒಂದೇ ದೇಶದಲ್ಲಿ ನಡೆದವು. ತೆಂಗಿನೆಣ್ಣೆ ಆ ದೇಶದ ದೊಡ್ಡ ರಫ್ತು ಸರಕು ಎಂಬುದನ್ನೂ ಮರೆಯುವಂತಿಲ್ಲ. ಮುಖ್ಯವಾಗಿ, ರೋಗ ತೀವ್ರವಾಗಿದ್ದವರು ಈ ಪರೀಕ್ಷೆಗಳಲ್ಲಿ ಇರಲಿಲ್ಲ. ಮಗುವಿನ ಮೊಣಕಾಲಿನ ಹಿಂದೆ ಕೀವು ಸೋರುತ್ತಿದ್ದರೆ, ರಾತ್ರಿಯಿಡೀ ತುರಿಸಿ ರಕ್ತ ಬರುತ್ತಿದ್ದರೆ ಎಣ್ಣೆಯನ್ನು ನಂಬಿ ಕೂರುವುದು ಆ ಮಗುವಿಗೆ ಅನ್ಯಾಯ. ಅಲ್ಲಿ ವೈದ್ಯರು ಕೊಡುವ ಮುಲಾಮು ಬೇಕು, ಎಣ್ಣೆ ಅದರ ಜೊತೆಗಾರ ಮಾತ್ರ.

ಹಚ್ಚಿ ತೊಳೆಯುವುದೋ, ಹಚ್ಚಿ ಬಿಡುವುದೋ?

ಈಗ ಮೊದಲು ಹೇಳಿದ ವ್ಯತ್ಯಾಸಕ್ಕೆ ಬರೋಣ. ಈ ಪರೀಕ್ಷೆಗಳಲ್ಲಿ ಎಣ್ಣೆಯನ್ನು ದಿನಕ್ಕೆರಡು ಬಾರಿ ತೆಳುವಾಗಿ ಹಚ್ಚಿ ಹಾಗೆಯೇ ಬಿಡಲಾಗಿತ್ತು. ನಾವು ಮಾಡುವುದೇನು? ಮೈತುಂಬ ಸುರಿದು, ಬಲವಾಗಿ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಹಂಡೆಯ ಸುಡುನೀರು ಹೊಯ್ದು, ಕಡಲೆಹಿಟ್ಟೋ ಸೀಗೆಪುಡಿಯೋ ಸೋಪೋ ಹಾಕಿ ಒಂದು ಹನಿಯೂ ಉಳಿಯದಂತೆ ತೊಳೆದುಬಿಡುತ್ತೇವೆ! ಎಣ್ಣೆ ಕೊಟ್ಟದ್ದನ್ನು ಸೋಪು ಮತ್ತು ಬಿಸಿನೀರು ವಾಪಸು ಪಡೆಯುತ್ತವೆ. ಇದರಿಂದ ಮೈ ಹಗುರಾಗುವುದು, ನಿದ್ದೆ ಬರುವುದು ನಿಜ. ವಾರಕ್ಕೊಮ್ಮೆಯ ಎಣ್ಣೆಸ್ನಾನದ ಸುಖವನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಒಣಚರ್ಮಕ್ಕೆ ಪರಿಹಾರ ಬೇಕಾದವರು ಕ್ರಮವನ್ನು ತಿರುಗಿಸಬೇಕು: ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ, ಬೈರಾಸಿನಿಂದ ತಿಕ್ಕದೆ ಒತ್ತಿ ಒರೆಸಿ, ಮೈಯ ತೇವ ಆರುವ ಮುನ್ನ ತೆಳುವಾಗಿ ಎಣ್ಣೆ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಊರಿನ ಆರ್ದ್ರ ಹವೆಯಲ್ಲಿ ಬೆಳೆದ ಚರ್ಮ ಅಲ್ಲಿ ಹಗಲೂ ರಾತ್ರಿಯೂ ಹವಾನಿಯಂತ್ರಿತ ಕೋಣೆಯಲ್ಲಿ ಕಳೆಯುತ್ತದೆ. ಮೊಣಕಾಲಿನ ಕೆಳಗೆ ಮೀನಿನ ಪೊರೆಯಂತೆ ಬಿಳಿಚುವುದು ಅಲ್ಲಿನವರ ಸಾಮಾನ್ಯ ದೂರು. ಅಮ್ಮ ಸೂಟ್‌ಕೇಸಿನಲ್ಲಿ ತುಂಬಿಸಿ ಕಳುಹಿಸುವ ಬಾಟಲಿ ಅಡುಗೆಗೆ ಮಾತ್ರ ಎಂದುಕೊಳ್ಳಬೇಡಿ.

ಮನೆಯ ಹಿರಿಯರಿಗೂ ಇದೇ ಮಾತು. ಮಧುಮೇಹ ಇರುವವರು ಪಾದದ ಬಿರುಕಿಗೆ ಎಣ್ಣೆ ಹಚ್ಚುವುದು ಒಳ್ಳೆಯದೇ, ಆದರೆ ಬೆರಳುಗಳ ಸಂದಿಗೆ ಬೇಡ. ಅಲ್ಲಿ ತೇವ ಉಳಿದರೆ ಶಿಲೀಂಧ್ರ ಬೆಳೆಯುತ್ತದೆ. ಪಾದಕ್ಕೆ ಎಣ್ಣೆ ಹಚ್ಚಿಕೊಂಡು ಬಚ್ಚಲಿನ ನೆಲದಲ್ಲಿ ನಡೆಯುವುದಂತೂ ಬೇಡವೇ ಬೇಡ. ಒಣಚರ್ಮದಿಂದ ಯಾರೂ ಹಾಸಿಗೆ ಹಿಡಿಯುವುದಿಲ್ಲ, ಸೊಂಟದ ಮೂಳೆ ಮುರಿದರೆ ಹಿಡಿಯುತ್ತಾರೆ.

ಮಗುವಿನ ಮೈಗೆ

ಅತ್ತೆ-ಸೊಸೆಯರ ಚರ್ಚೆಗೆ ಈಗ ಬರಬಹುದು. ತಿಂಗಳು ತುಂಬುವ ಮುನ್ನ ಹುಟ್ಟಿದ ಶಿಶುವಿನ ಚರ್ಮ ಬಹಳ ತೆಳು, ಮೈಯ ನೀರು ಅದರ ಮೂಲಕ ಬೇಗ ಆರುತ್ತದೆ. 1500 ಗ್ರಾಂಗಿಂತ ಕಡಿಮೆ ತೂಕದ 74 ಶಿಶುಗಳ ಮೇಲೆ ದೆಹಲಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೆಂಗಿನೆಣ್ಣೆ ಸವರಿದ ಶಿಶುಗಳಲ್ಲಿ ಈ ನಷ್ಟ ಕಡಿಮೆಯಾಯಿತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ 72 ಅವಧಿಪೂರ್ವ ಶಿಶುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಚರ್ಮದ ಸ್ಥಿತಿ ಚೆನ್ನಾಗಿ ಉಳಿಯಿತು. 2005ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ ತೆಂಗಿನೆಣ್ಣೆಯ ಮಾಲೀಸು ಪಡೆದ ಅವಧಿಪೂರ್ವ ಶಿಶುಗಳ ತೂಕ ಹೆಚ್ಚು ಬೇಗ ಏರಿತು. ಅದೇ ವರ್ಷ ಢಾಕಾದಿಂದ ಬಂದ ವರದಿಯಲ್ಲಿ ಸೂರ್ಯಕಾಂತಿ ಎಣ್ಣೆ ಹಚ್ಚಿದ ಅವಧಿಪೂರ್ವ ಶಿಶುಗಳಿಗೆ ಆಸ್ಪತ್ರೆಯ ಸೋಂಕು ಶೇ. 41ರಷ್ಟು ಕಡಿಮೆ ತಗಲಿತ್ತು. ಆದರೆ ಬೇರೆ ಬೇರೆ ದೇಶಗಳ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಣ್ಣೆ ಅಥವಾ ಮುಲಾಮು ಸೋಂಕನ್ನೂ ಸಾವನ್ನೂ ತಡೆಯುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಇವು ಹೆಚ್ಚಾಗಿ ಆಸ್ಪತ್ರೆಯೊಳಗೆ, ಶುದ್ಧ ಕೈಗಳಿಂದ, ಮೆಲ್ಲಗೆ ಸವರಿದ ಎಣ್ಣೆಯ ಕಥೆ ಎಂಬುದೂ ನೆನಪಿರಲಿ.

ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಣಂತನ ಕಾಲದ ಮಾರ್ಗಸೂಚಿ, ಚರ್ಮರೋಗ ಬಾರದಿರಲೆಂದು ಅಂಥ ಮಗುವಿಗೆ ವಾಡಿಕೆಯಂತೆ ಎಣ್ಣೆ ಅಥವಾ ಕ್ರೀಮು ಹಚ್ಚುವುದನ್ನು ಶಿಫಾರಸು ಮಾಡುವುದಿಲ್ಲ. ಆದರೆ ಮೈಗೆ ಮೃದುವಾದ ಮಾಲೀಸು ಮಾಡಬಹುದು, ಬೆಳವಣಿಗೆಗೆ ಸಹಾಯವಾದೀತು ಎನ್ನುತ್ತದೆ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡಮಾಡಿ ಎನ್ನುತ್ತದೆ. ಹೊಕ್ಕುಳಬಳ್ಳಿ ಶುದ್ಧವಾಗಿ, ಒಣಗಿರಲಿ ಎನ್ನುತ್ತದೆ. ಬ್ರಿಟನ್ನಿನಲ್ಲಿ 1394 ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಒಂದು ವರ್ಷ ನಿತ್ಯ ಚರ್ಮಕ್ಕೆ ಕ್ರೀಮು ಹಚ್ಚಿದರೂ ಇಸುಬು ಬರುವುದು ತಪ್ಪಲಿಲ್ಲ. ಅಲ್ಲಿ ಹಚ್ಚಿದ್ದು ತೆಂಗಿನೆಣ್ಣೆಯಲ್ಲ, ನಿಜ. ಆದರೆ ಬರುವ ಮೊದಲೇ ಹಚ್ಚಿದರೆ ಬರುವುದೇ ಇಲ್ಲ ಎಂಬ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು.

ಹಾಗಾದರೆ ಅಜ್ಜಿಯ ಕೈಯ ಎಣ್ಣೆ ನಿಲ್ಲಬೇಕೇ? ಬೇಕಾಗಿಲ್ಲ. ಕೈ ತೊಳೆದು, ಉಗುರು ಕತ್ತರಿಸಿ, ಬಳೆ-ಉಂಗುರ ತೆಗೆದಿಟ್ಟು, ಮೆಲ್ಲಗೆ ಸವರುವ ಅಜ್ಜಿಯಿಂದ ಮಗುವಿಗೆ ಸಿಗುವುದು ಎಣ್ಣೆಯಷ್ಟೇ ಅಲ್ಲ, ಸ್ಪರ್ಶವೂ ಹೌದು. ನಿಲ್ಲಬೇಕಾದುದು ಬೇರೆ ಕೆಲವು. ಅವನ್ನು ಖಡಾಖಂಡಿತವಾಗಿ ಹೇಳಬೇಕಾಗಿದೆ.

ಮಗುವಿನ ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು. ಮೂಗಿಗೆ ಬಿಟ್ಟ ಎಣ್ಣೆ ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಂದ ಹೊರಬರುವ ದಾರಿಯಿಲ್ಲ. ಎಣ್ಣೆಯಿಂದಾಗುವ ನ್ಯುಮೋನಿಯಾ ಮಾಮೂಲು ಆಂಟಿಬಯೊಟಿಕ್‌ಗೆ ಬಗ್ಗುವುದಿಲ್ಲ. ಅಷ್ಟಾಂಗಹೃದಯದ ಕಿವಿಯ ಅಭ್ಯಂಗದ ಮಾತನ್ನು ಎಳೆಮಗುವಿಗೆ ಎಳೆದು ತರಬೇಡಿ.

ಶೀತವಾದಾಗ ತೆಂಗಿನೆಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ತಿಕ್ಕುವುದು ನಮ್ಮ ಕಡೆ ಬಹಳ ಮನೆಗಳಲ್ಲಿದೆ. ದೊಡ್ಡವರಿಗೆ ಪರವಾಗಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಕರ್ಪೂರ ಚರ್ಮದ ಮೂಲಕವೂ ದೇಹಕ್ಕೆ ಸೇರುತ್ತದೆ, ಹೆಚ್ಚಾದರೆ ಫಿಟ್ಸ್ ಬರಿಸುತ್ತದೆ. ಅಂಥ ಎಣ್ಣೆಯ ಬಾಟಲಿಯನ್ನು ಅಂಬೆಗಾಲಿಡುವ ಮಗುವಿನ ಕೈಗೆ ಸಿಗುವಂತೆ ಇಡುವುದಂತೂ ಇನ್ನೂ ಅಪಾಯ, ಸ್ವಲ್ಪ ಕುಡಿದರೂ ಸಾಕು. ಹೊಕ್ಕುಳಿಗೆ ಎಣ್ಣೆ ಬೇಡ. ಮಗು ಅಳುವಷ್ಟು ಬಲವಾಗಿ ತಿಕ್ಕುವುದು, ಮೂಗನ್ನು ಒತ್ತಿ ನೇರ ಮಾಡುವುದು, ಮೊಲೆತೊಟ್ಟು ಹಿಂಡುವುದು ಇವು ಯಾವುವೂ ಬೇಡ.

ಎಲ್ಲಿ ಎಣ್ಣೆ ಸಲ್ಲದು

ಸುಟ್ಟಗಾಯಕ್ಕೆ ಕೂಡಲೇ ತೆಂಗಿನೆಣ್ಣೆ ಸುರಿಯುವುದು ನಮ್ಮ ಅಡುಗೆಮನೆಗಳ ಹಳೆಯ ತಪ್ಪು. ಎಣ್ಣೆ ಶಾಖವನ್ನು ಒಳಗೇ ಹಿಡಿದಿಡುತ್ತದೆ. ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಯಬಿಡುವುದೇ ಮೊದಲ ಚಿಕಿತ್ಸೆ. ಗಾಯ ಪೂರ್ತಿ ಮಾಗಿದ ಮೇಲೆ ಒಣಗಿದ ಕಲೆಗೆ ಎಣ್ಣೆ ಹಚ್ಚಿದರೆ ತುರಿಕೆ ತಗ್ಗುತ್ತದೆ.

ಬಿಸಿಲಿಗೆ ಅದು ರಕ್ಷಣೆಯಲ್ಲ. ಮೀನುಗಾರಿಕೆಗೂ ತೋಟಕ್ಕೂ ಹೋಗುವವರು ಎಣ್ಣೆಯನ್ನು ನಂಬದೆ ಮುಟ್ಟಾಳೆಯನ್ನೋ ತುಂಬುತೋಳಿನ ಅಂಗಿಯನ್ನೋ ನಂಬಲಿ.

ಮೊಡವೆ ಇರುವ ಹದಿಹರೆಯದವರ ಮುಖಕ್ಕೆ ತೆಂಗಿನೆಣ್ಣೆ ರಂಧ್ರಗಳನ್ನು ಕಟ್ಟುತ್ತದೆ. 2009ರಲ್ಲಿ ಅಮೆರಿಕದ ಸಂಶೋಧಕರು ಲಾರಿಕ್ ಆಮ್ಲ ಮೊಡವೆಯ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ ಎಂದು ತೋರಿಸಿದ್ದೇ ಮೊಡವೆಗೆ ತೆಂಗಿನೆಣ್ಣೆ ಹಚ್ಚಿ ಎಂಬ ಮಾತಿಗೆ ಬಲ ಕೊಟ್ಟಿತು. ಆದರೆ ಆ ಪ್ರಯೋಗ ನಡೆದದ್ದು ಪ್ರಯೋಗಾಲಯದಲ್ಲಿ ಮತ್ತು ಇಲಿಗಳ ಮೇಲೆ, ಬಳಸಿದ್ದು ಬಿಡಿ ಲಾರಿಕ್ ಆಮ್ಲ; ಎಣ್ಣೆಯಲ್ಲ.

ಮಳೆಗಾಲದಲ್ಲಿ ಬೆನ್ನು, ಕುತ್ತಿಗೆಗೆ ಬರುವ ಚಿಬ್ಬು ಮತ್ತು ತಲೆಹೊಟ್ಟಿನ ಹಿಂದೆ ಮಲಸೇಜಿಯಾ ಎಂಬ ಶಿಲೀಂಧ್ರವಿದೆ. ಕೊಬ್ಬಿನ ಆಮ್ಲವೇ ಅದರ ಆಹಾರ! ತಲೆಹೊಟ್ಟು ಒಣಗಿದ್ದರಿಂದ ಬಂತೆಂದು ಎಣ್ಣೆ ಸುರಿಯುವವರು ಶಿಲೀಂಧ್ರಕ್ಕೆ ಊಟ ಬಡಿಸುತ್ತಿರಬಹುದು. ಗಜಕರ್ಣ, ಕಜ್ಜಿಗಳಿಗೂ ಅವುಗಳದೇ ಔಷಧವಿದೆ, ಎಣ್ಣೆಯಿಂದ ದಿನ ತಳ್ಳಿದರೆ ಮನೆಮಂದಿಗೆಲ್ಲ ಹರಡುತ್ತದೆ.

ಬಾಟಲಿ ಕೊಳ್ಳುವಾಗ

ಪರೀಕ್ಷೆಗಳಲ್ಲಿ ಬಳಸಿದ್ದು ಹೆಚ್ಚಾಗಿ ವರ್ಜಿನ್ ತೆಂಗಿನೆಣ್ಣೆ, ಅಂದರೆ ಕೊಬ್ಬರಿಯಿಂದಲ್ಲ, ಹಸಿಕಾಯಿಯಿಂದ ತೆಗೆದದ್ದು. ಇದು ಹೊಸ ಆವಿಷ್ಕಾರವೇನೂ ಅಲ್ಲ. ಕಾಯಿಹಾಲು ಹಿಂಡಿ, ಉರಳಿಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಮೇಲೆ ತೇಲುವ ತಿಳಿಯೆಣ್ಣೆಯನ್ನು ಮಗುವಿಗೆಂದು ತೆಗೆದಿಡುತ್ತಿದ್ದ ಅಜ್ಜಿಯಂದಿರು ಮಾಡುತ್ತಿದ್ದುದೂ ಇದನ್ನೇ. ಗಾಣದ ಕೊಬ್ಬರಿ ಎಣ್ಣೆಯೂ ಚರ್ಮದ ನೀರನ್ನು ಉಳಿಸುವ ಕೆಲಸಕ್ಕೆ ಸಾಲದು ಎನ್ನುವಂತಿಲ್ಲ, ಎರಡರ ಕೊಬ್ಬಿನ ಆಮ್ಲಗಳು ಹೆಚ್ಚುಕಡಿಮೆ ಒಂದೇ. ಆದರೆ ಕೊಬ್ಬರಿ ಬೂಸ್ಟು ಹಿಡಿದಿರಬಾರದು, ಗಂಧಕದ ಹೊಗೆ ಹಾಕಿದ್ದಿರಬಾರದು. ಮೂಗಿಗೆ ಕಮಟು ಬಡಿದರೆ ಆ ಎಣ್ಣೆ ದೀಪಕ್ಕಿರಲಿ.

2025ರಲ್ಲಿ ತೆಂಗಿನೆಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿದಾಗ ಕಲಬೆರಕೆಯ ಆಸೆಯೂ ಹೆಚ್ಚಿತು. ಸಣ್ಣ ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ. ಶುದ್ಧ ಎಣ್ಣೆ ಪೂರ್ತಿ ಬಿಳಿಯಾಗಿ ಹೆಪ್ಪುಗಟ್ಟುತ್ತದೆ, ಪ್ಯಾರಾಫಿನ್ ಎಣ್ಣೆ ಬೆರೆತಿದ್ದರೆ ನೀರಾಗಿಯೇ ಬೇರೆ ನಿಲ್ಲುತ್ತದೆ. ತಾಳೆಬೀಜದ ಎಣ್ಣೆ ಬೆರೆಸಿದ್ದರೆ ಮಾತ್ರ ಈ ಉಪಾಯ ನಡೆಯದು, ಅದೂ ಹೆಪ್ಪುಗಟ್ಟುತ್ತದೆ.

ಸಣ್ಣ ಬಾಟಲಿಯ ತೆಂಗಿನೆಣ್ಣೆ ಅಡುಗೆಯದೋ ಕೂದಲಿನದೋ ಎಂಬ ತೆರಿಗೆ ವಿವಾದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಡೆದು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಕೂದಲೆಣ್ಣೆ ಎಂದು ಲೇಬಲ್ ಹಾಕಿ ಮಾರದ ಶುದ್ಧ ತೆಂಗಿನೆಣ್ಣೆ ಅಡುಗೆ ಎಣ್ಣೆಯೇ ಎಂದಿತು. ಚರ್ಮಕ್ಕೆ ಕೊಳ್ಳುವವರು ಅಡುಗೆ ಎಣ್ಣೆಯ ಲೇಬಲ್ಲಿನದನ್ನೇ ಕೊಳ್ಳುವುದು ಜಾಣತನ. ಕೂದಲೆಣ್ಣೆಗಳಲ್ಲಿ ಸುಗಂಧವೋ ಖನಿಜ ತೈಲವೋ ಸೇರಿರಬಹುದು, ಸುಗಂಧ ಇಸುಬಿನ ಚರ್ಮವನ್ನು ಕೆರಳಿಸುತ್ತದೆ.

ತೆಂಗಿನೆಣ್ಣೆಗೆ ಅಲರ್ಜಿ ಅಪರೂಪ, ಇಲ್ಲವೆಂದಲ್ಲ. ಹೊಸದಾಗಿ ಬಳಸುವವರು ಮೊಣಕೈಯ ಒಳಭಾಗಕ್ಕೆ ಎರಡು ಮೂರು ದಿನ ಸ್ವಲ್ಪ ಹಚ್ಚಿ ನೋಡಲಿ. ವೈದ್ಯರು ಮುಲಾಮು ಕೊಟ್ಟಿದ್ದರೆ ಮೊದಲು ಮುಲಾಮು, ಸ್ವಲ್ಪ ಹೊತ್ತು ಬಿಟ್ಟು ಎಣ್ಣೆ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಕೀವು, ಜ್ವರ, ಬಿಸಿಯಾದ ಊತ ಕಂಡರೆ ಎಣ್ಣೆ ನಿಲ್ಲಿಸಿ ಚರ್ಮವೈದ್ಯರನ್ನು ಕಾಣುವುದು.

ರೋಸಿನ ವಿಷಯವಾಗಿ ಒಂದು ಮಾತು ಉಳಿಯಿತು. ಮದುಮಗಳಿಗೆ ಮೊಡವೆಯ ಸ್ವಭಾವವಿದ್ದರೆ, ಮರುದಿನದ ಫೋಟೋಗಳ ಚಿಂತೆ ಅವಳಿಗೆ ಇದ್ದೇ ಇರುತ್ತದೆ. ಹಿರಿಯರು ಎಣ್ಣೆಯನ್ನು ನೆತ್ತಿಗೂ ಕೈಗಳಿಗೂ ಹಚ್ಚಿ, ಕೆನ್ನೆಗಳನ್ನು ಬಿಟ್ಟರೆ ಸಂಪ್ರದಾಯಕ್ಕೆ ಏನೂ ಕೊರತೆಯಾಗದು. ಆದರೆ ಸೋದರಮಾವಂದಿರೂ ಗೆಳತಿಯರೂ ಈ ಮಾತನ್ನು ಕೇಳುತ್ತಾರೆಂದು ಯಾವ ವಿಜ್ಞಾನವೂ ಖಾತ್ರಿ ಕೊಡಲಾರದು. ಸಂಜೆ ಬೆಚ್ಚಗಿನ ನೀರಿನಲ್ಲಿ ಮುಖ ತೊಳೆದುಕೊಳ್ಳಲಿ.